ಆರೈಕೆ ಮಾಡುವವರಿಗೂ ಒಂದು ಬಿಡುವು: ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯಲ್ಲಿ ಹಗಲು ಆರೈಕೆಯನ್ನು ಹೊಸದಾಗಿ ಕಟ್ಟುವ ಬಗೆ

ತಿಂಗಳ ಮೊದಲ ಶುಕ್ರವಾರ ನಾವು ಗುರುಗಳು ಧರ್ಮಕೇಂದ್ರದ ವೃದ್ಧರ ಹಾಗೂ ಕಾಯಿಲೆಯವರ ಮನೆಗಳಿಗೆ ಪರಮ ಪ್ರಸಾದ ಕೊಂಡೊಯ್ಯುತ್ತೇವೆ. ಹಾಸಿಗೆಯಲ್ಲಿರುವವರ ಹೆಸರು ನಮ್ಮ ಪಟ್ಟಿಯಲ್ಲಿರುತ್ತದೆ. ಬಾಗಿಲು ತೆರೆಯುವವರ ಹೆಸರು ಇರುವುದಿಲ್ಲ. ಹೊರಡುವ ಮೊದಲು "ನಿಮ್ಮನ್ನು ಭಾನುವಾರದ ಪೂಜೆಯಲ್ಲಿ ಕಾಣುವುದೇ ಇಲ್ಲವಲ್ಲ" ಎಂದು ಕೇಳಿದರೆ, "ಇವರನ್ನು ಯಾರ ಕೈಯಲ್ಲಿ ಬಿಟ್ಟು ಬರಲಿ ಫಾದರ್?" ಎಂಬ ಉತ್ತರ ಸಿಗುತ್ತದೆ. ಅದೇ ಪ್ರಶ್ನೆ ಅವರ ಕೂಲಿಗೆ, ಮದುವೆ ಮುಂಜಿಗೆ, ಸ್ವಂತ ಕಾಯಿಲೆಗೆ ಡಾಕ್ಟರ ಬಳಿ ಹೋಗುವುದಕ್ಕೆ, ಎಲ್ಲಕ್ಕೂ ಅಡ್ಡ ನಿಂತಿರುತ್ತದೆ.

ಈ ಪ್ರಶ್ನೆಗೆ ಸಿಗಬಹುದಾದ ಉತ್ತರವೇ ಹಗಲು ಆರೈಕೆ ಮತ್ತು ಬಿಡುವಿನ ಆರೈಕೆ. ಘಟ್ಟದ ಮೇಲಿನ ಹಾವೇರಿ ಜಿಲ್ಲೆಯ ಮೂರು ಊರುಗಳನ್ನು ಮುಂದಿಟ್ಟುಕೊಂಡು ಈ ಸೇವೆಗಳನ್ನು ಹೇಗೆ ಹೊಸದಾಗಿ ರೂಪಿಸಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ. ನಮ್ಮ ಕರಾವಳಿಯಿಂದ ಅನೇಕ ಧರ್ಮಭಗಿನಿಯರು, ಗುರುಗಳು, ಶಿಕ್ಷಕರು, ದಾದಿಯರು ಆ ಕಡೆ ಸೇವೆಗೆ ಹೋಗುತ್ತಾರೆ. ಅವರಿಗೂ, ಇಲ್ಲಿ ವಾಳೆಗಳಲ್ಲಿ ದುಡಿಯುವ ಗುರಿಕಾರರಿಗೂ ಈ ಮಾಹಿತಿ ಉಪಯೋಗಕ್ಕೆ ಬರಬಹುದು.

ಪದಗಳ ಅರ್ಥ

ಹಗಲು ಆರೈಕೆ ಎಂದರೆ, ಒಬ್ಬಂಟಿಯಾಗಿ ಬಿಡಲಾಗದ ವ್ಯಕ್ತಿಯನ್ನು ಬೆಳಿಗ್ಗೆ ಕರೆತಂದು ಸಂಜೆ ಮನೆಗೆ ತಲುಪಿಸುವ ಸೇವೆ. ಊಟ, ಔಷಧ, ವ್ಯಾಯಾಮ, ಕಲಿಕೆ, ಜೊತೆಗಾರಿಕೆ ಎಲ್ಲವೂ ಇದರಲ್ಲಿ ಸೇರುತ್ತವೆ. ಸರ್ಕಾರದ ಕಡತಗಳಲ್ಲಿ ಇದಕ್ಕೆ 'ಹಗಲು ಯೋಗಕ್ಷೇಮ ಕೇಂದ್ರ' ಎನ್ನುತ್ತಾರೆ. ಜನರ ಬಾಯಲ್ಲಿ ಅದು ಡೇ ಕೇರ್.

ಬಿಡುವಿನ ಆರೈಕೆ, ಅಂದರೆ ರೆಸ್ಪೈಟ್ ಕೇರ್, ಸ್ವಲ್ಪ ಬೇರೆ. ಆರೈಕೆ ಮಾಡುವವರು ಕೆಲವು ಗಂಟೆ ಅಥವಾ ಕೆಲವು ದಿನ ತಮ್ಮ ಹೊಣೆಯನ್ನು ನಂಬಿಕಸ್ಥರ ಕೈಗೆ ಒಪ್ಪಿಸಿ ಹೋಗಿಬರುವ ಏರ್ಪಾಡು ಇದು. ತಾಯಿಗೆ ಆಪರೇಷನ್ ಆಗಬೇಕು, ಮಗಳ ಹೆರಿಗೆಗೆ ಹೋಗಬೇಕು, ಮಣ್ಣಿಗೆ ಹೋಗಬೇಕು ಎಂಬಂಥ ಸಂದರ್ಭಗಳಲ್ಲಿ ಇದು ಬೇಕಾಗುತ್ತದೆ. ಯಾವ ಕಾರಣವೂ ಇಲ್ಲದೆ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಬೇಕು ಎಂಬುದೂ ಸಾಕಷ್ಟು ಕಾರಣವೇ.

ಅನಾಥಾಶ್ರಮ, ವೃದ್ಧಾಶ್ರಮಗಳಿಗೂ ಇವಕ್ಕೂ ಇರುವ ವ್ಯತ್ಯಾಸವನ್ನು ಮನಗಾಣಬೇಕು. ಅಲ್ಲಿ ವ್ಯಕ್ತಿ ಮನೆ ಬಿಟ್ಟು ಹೋಗುತ್ತಾನೆ. ಇಲ್ಲಿ ಅವನು ಮನೆಯಲ್ಲೇ ಉಳಿಯಲು ಸಾಧ್ಯವಾಗಲಿ ಎಂದು ಮನೆಯವರಿಗೆ ಬಲ ಕೊಡಲಾಗುತ್ತದೆ.

ಮೂರು ಊರುಗಳು, ಮೂರು ಬಗೆಯ ದುಡಿಮೆ

ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟಿತು. 2011ರ ಜನಗಣತಿಯಂತೆ ಇದರ ಜನಸಂಖ್ಯೆ 15,97,668. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದಲ್ಲಿ ಒಂದರ ನಂತರ ಒಂದರಂತೆ ಬರುತ್ತವೆ. ಹೆದ್ದಾರಿಯೂ ಇದೇ ದಿಕ್ಕಿನಲ್ಲಿ ಸಾಗುತ್ತದೆ. ಬ್ಯಾಡಗಿಗೆ ಮೋಟೆಬೆನ್ನೂರಿನ ಬಳಿ ಹೆದ್ದಾರಿಯಿಂದ ಒಳಗೆ ತಿರುಗಬೇಕು. ಹೀಗೆ ಅಕ್ಕಪಕ್ಕದಲ್ಲಿದ್ದರೂ ಈ ಊರುಗಳ ದುಡಿಮೆ ಒಂದೇ ತೆರನಾದುದಲ್ಲ. ಆರೈಕೆಯ ಸಮಯಪಟ್ಟಿಯನ್ನು ನಿಶ್ಚಯಿಸಬೇಕಾದದ್ದು ಈ ದುಡಿಮೆಯೇ.

ಬ್ಯಾಡಗಿ ಎಂದರೆ ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕೆಂಪು ಕಾಯಿಯ ಮಾರುಕಟ್ಟೆ ದೇಶದ ದೊಡ್ಡ ಮೆಣಸಿನಕಾಯಿ ಮಾರುಕಟ್ಟೆಗಳಲ್ಲಿ ಒಂದು. ಸೋಮವಾರ ಮತ್ತು ಗುರುವಾರ ಮಾರುಕಟ್ಟೆಯ ದಿನಗಳು. ಸುಗ್ಗಿಯ ತಿಂಗಳುಗಳಲ್ಲಿ ಕಾಯಿಯ ತೊಟ್ಟು ಬಿಡಿಸುವ, ಆರಿಸುವ, ಚೀಲ ತುಂಬುವ ಕೆಲಸಕ್ಕೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬರುತ್ತಾರೆ. ತೂಕದ ಲೆಕ್ಕದ ಕೂಲಿಯಲ್ಲಿ ಒಂದು ದಿನ ತಪ್ಪಿದರೆ ಆ ದಿನದ ದುಡ್ಡು ಹೋದಂತೆಯೇ.

ರಾಣೇಬೆನ್ನೂರು ಒಂದು ಲಕ್ಷಕ್ಕೂ ಹೆಚ್ಚು ಜನರಿರುವ ವ್ಯಾಪಾರದ ಊರು. ಸುತ್ತಲಿನ ಹೊಲಗಳಲ್ಲಿ ಹತ್ತಿ ಮತ್ತು ತರಕಾರಿಯ ಹೈಬ್ರಿಡ್ ಬೀಜೋತ್ಪಾದನೆ ನಡೆಯುತ್ತದೆ. ಹತ್ತಿಯ ಬೀಜದ ಪ್ಲಾಟಿನಲ್ಲಿ ಮಧ್ಯಾಹ್ನದ ನಂತರ ಮೊಗ್ಗು ಬಿಡಿಸಿ, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸಬೇಕು. ಹೂವು ಯಾರಿಗೂ ಕಾಯುವುದಿಲ್ಲ. ಆ ವಾರಗಳಲ್ಲಿ ರಜೆಯೆಂಬುದೇ ಇರುವುದಿಲ್ಲ.

ಹಾವೇರಿ ಜಿಲ್ಲಾ ಕೇಂದ್ರ. ಕಚೇರಿಗಳು, ಜಿಲ್ಲಾ ಆಸ್ಪತ್ರೆ, ಇತ್ತೀಚೆಗೆ ಆರಂಭವಾದ ವೈದ್ಯಕೀಯ ಕಾಲೇಜು ಎಲ್ಲ ಇಲ್ಲಿವೆ. ಸರ್ಟಿಫಿಕೇಟಿಗೆ, ಪಿಂಚಣಿಗೆ, ತಪಾಸಣೆಗೆ ಜನ ಇಲ್ಲಿಗೇ ಬರಬೇಕು. ಹೆಚ್ಚಿನ ಮಾನಸಿಕ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್‌ಗೆ ಹೋಗುತ್ತಾರೆ. ಆ ಊರಿನ ಹೆಸರನ್ನೇ ಗೇಲಿಯ ಮಾತಾಗಿಸಿದ ಸೀಮೆ ಇದು. ಕಾಯಿಲೆಯನ್ನು ಬಚ್ಚಿಡುವ ಅಭ್ಯಾಸಕ್ಕೆ ಇಂಥ ಗೇಲಿಯೂ ಒಂದು ಕಾರಣ.

ಯಾರಿಗೆ ಬೇಕು?

ಮೊದಲನೆಯದಾಗಿ, ಬೌದ್ಧಿಕ ವಿಕಲತೆ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹುವಿಧ ವಿಕಲತೆ ಇರುವ ಮಕ್ಕಳು ಮತ್ತು ಅದೇ ಸ್ಥಿತಿಯ ದೊಡ್ಡವರು. 2011ರ ಜನಗಣತಿಯು ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರನ್ನು ಎಣಿಸಿತು. ಆಗ ಎಣಿಸಿದ್ದು ಕೆಲವೇ ಬಗೆಯ ವಿಕಲತೆಗಳನ್ನು. 2016ರ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಆದ್ದರಿಂದ ನಿಜವಾದ ಸಂಖ್ಯೆ ಇನ್ನೂ ದೊಡ್ಡದಿರಬೇಕು.

ಎರಡನೆಯದಾಗಿ, ದೀರ್ಘಕಾಲದ ಮಾನಸಿಕ ಕಾಯಿಲೆಯವರು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಕಾಯಿಲೆಗೆ ಅನುಗುಣವಾಗಿ ಶೇ. 70ರಿಂದ 92ರಷ್ಟು ಮಂದಿ ಚಿಕಿತ್ಸೆಯಿಂದ ದೂರ ಉಳಿದಿದ್ದರು.

ಮೂರನೆಯದಾಗಿ, ಮರೆವಿನ ಕಾಯಿಲೆ, ಪಾರ್ಶ್ವವಾಯು, ಮೂಳೆ ಮುರಿತದಿಂದ ಮೂಲೆ ಹಿಡಿದ ಹಿರಿಯರು. ಇತ್ತೀಚಿನ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ ಡಿಮೆನ್ಶಿಯಾ ಇದೆ. ಹಳ್ಳಿಗಳಲ್ಲಿ ಇದನ್ನು 'ಅರಳು ಮರಳು' ಎಂದು ತಳ್ಳಿಹಾಕುತ್ತಾರೆ. ಆದರೆ ರಾತ್ರಿ ಎದ್ದು ಬಾಗಿಲು ತೆಗೆದು ನಡೆದುಬಿಡುವ ಅಜ್ಜನನ್ನು ಕಾಯುವ ಸೊಸೆಗೆ ಆ ಪದದಿಂದ ಏನೂ ಸಹಾಯವಾಗುವುದಿಲ್ಲ.

ನಾಲ್ಕನೆಯದಾಗಿ, ಆರೈಕೆ ಮಾಡುವವರೇ. ಹೆಚ್ಚಾಗಿ ತಾಯಿ, ಹೆಂಡತಿ, ಸೊಸೆ, ಅಕ್ಕ. ಕೆಲವೊಮ್ಮೆ ಶಾಲೆ ಬಿಡಿಸಿದ ತಂಗಿ. ಬೆನ್ನುನೋವು, ನಿದ್ದೆಗೇಡು, ಖಿನ್ನತೆ, ಸಾಲ ಇವರ ಪಾಲು. ಸೇವೆಯನ್ನು ರೂಪಿಸುವಾಗ ಇವರನ್ನು ಜೊತೆಗೆ ಬಂದವರು ಎಂದು ಬೆಂಚಿನ ಮೇಲೆ ಕೂರಿಸಿಬಿಟ್ಟರೆ ಅರ್ಧ ಕೆಲಸ ಕೆಟ್ಟಂತೆ.

ಕಾನೂನು ಏನು ಹೇಳುತ್ತದೆ?

ವಿಕಲಚೇತನರ ಹಕ್ಕುಗಳ ಕಾಯ್ದೆ, 2016. ಇದರ 5ನೇ ವಿಧಿಯಂತೆ ವಿಕಲಚೇತನರಿಗೆ ಸಮುದಾಯದ ನಡುವೆ ಬಾಳುವ ಹಕ್ಕಿದೆ, ಅದಕ್ಕೆ ಬೇಕಾದ ಬೆಂಬಲ ಸೇವೆಗಳನ್ನು ಸರ್ಕಾರ ಒದಗಿಸಬೇಕು. 24ನೇ ವಿಧಿಯು ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ, ಹೆಚ್ಚಿನ ಬೆಂಬಲ ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನೂ ಸೇರಿಸಿದೆ. 31ನೇ ವಿಧಿ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ನೀಡುತ್ತದೆ.

ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಧ ವಿಕಲತೆ ಇರುವವರಿಗಾಗಿ ಇದು ಇದೆ. ಇದರಡಿ 'ದಿಶಾ' ಚಿಕ್ಕ ಮಕ್ಕಳಿಗೆ, 'ವಿಕಾಸ್' 10 ವರ್ಷ ದಾಟಿದವರ ಹಗಲು ಆರೈಕೆಗೆ, 'ಸಮರ್ಥ್' ಬಿಡುವಿನ ಆರೈಕೆಗೆ, 'ಘರೌಂದಾ' ದೀರ್ಘಕಾಲದ ವಸತಿಗೆ ಎಂದು ಯೋಜನೆಗಳು ರೂಪುಗೊಂಡವು. ನಂತರ ಮೊದಲಿನೆರಡನ್ನೂ ಕೊನೆಯೆರಡನ್ನೂ ಜೋಡಿಸಲಾಯಿತು. 'ನಿರಾಮಯ' ವಿಮೆಯಿಂದ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚ ಸಿಗುತ್ತದೆ. ಈ ಯೋಜನೆಗಳ ಅನುದಾನ ಟ್ರಸ್ಟಿನಲ್ಲಿ ನೋಂದಾಯಿತ ಸಂಸ್ಥೆಗಳಿಗೆ ಮಾತ್ರ.

ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017. ಕಾಯಿಲೆಯವರನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟಬಾರದು ಎಂದು 95ನೇ ವಿಧಿ ನಿಷೇಧಿಸಿದೆ. ಈ ಮಾತಿನ ಹಿಂದೆ ಒಂದು ದುರಂತವಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಖಾಸಗಿ ಆಶ್ರಯವೊಂದರಲ್ಲಿ ಬೆಂಕಿ ಬಿದ್ದಾಗ, ಕಟ್ಟಿಹಾಕಿದ್ದ 28 ಮಂದಿ ಓಡಲಾಗದೆ ಬೆಂದು ಸತ್ತರು. ಅವರನ್ನು ಅಲ್ಲಿ ಬಿಟ್ಟುಹೋಗಿದ್ದ ಮನೆಯವರಿಗೆ ಹತ್ತಿರದಲ್ಲಿ ಬೇರೆ ದಾರಿ ಇರಲಿಲ್ಲ. ಊರಿನಲ್ಲಿ ಹಗಲು ಆರೈಕೆಯೂ ಬಿಡುವಿನ ಆರೈಕೆಯೂ ಇಲ್ಲದೆ ಹೋದಾಗ ಜನ ಎಂಥ ಜಾಗಗಳ ಬಾಗಿಲು ತಟ್ಟುತ್ತಾರೆ ಎಂಬುದಕ್ಕೆ ಏರ್ವಾಡಿ ಸಾಕ್ಷಿ.

ಈಗ ಇರುವುದೇನು?

ಗ್ರಾಮ ಪಂಚಾಯತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿ.ಆರ್.ಡಬ್ಲ್ಯು.ಗಳು, ತಾಲ್ಲೂಕಿಗೆ ಒಬ್ಬ ಎಂ.ಆರ್.ಡಬ್ಲ್ಯು., ನಗರಗಳಲ್ಲಿ ಯು.ಆರ್.ಡಬ್ಲ್ಯು.ಗಳು ಇರುತ್ತಾರೆ. ಇವರಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರು. ಯು.ಡಿ.ಐ.ಡಿ. ಕಾರ್ಡು, ಪಿಂಚಣಿ, ಸಲಕರಣೆಗಳ ಅರ್ಜಿ ಮಾಡಿಸುವುದು ಇವರ ಕೆಲಸ. ಯಾವ ಮನೆಯಲ್ಲಿ ಯಾರಿದ್ದಾರೆ ಎಂದು ಇವರಿಗೆ ಗೊತ್ತಿರುತ್ತದೆ. ಸೇವೆ ಆರಂಭಿಸುವವರು ಮೊದಲು ಭೇಟಿಯಾಗಬೇಕಾದವರು ಇವರೇ.

ಶಿಕ್ಷಣ ಇಲಾಖೆಯಲ್ಲಿ ಬಿ.ಐ.ಇ.ಆರ್.ಟಿ. ಎಂಬ ವಿಶೇಷ ಶಿಕ್ಷಕರಿದ್ದಾರೆ. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಯಿದೆ. ಆರೋಗ್ಯ ಇಲಾಖೆಯ 'ಮನೋಚೈತನ್ಯ' ಕಾರ್ಯಕ್ರಮ 2014ರಿಂದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಸಿಗುವಂತೆ ಮಾಡಿತು. ಚೇತರಿಸಿಕೊಳ್ಳುತ್ತಿರುವವರಿಗೆ 'ಮಾನಸಧಾರ' ಎಂಬ ಹಗಲು ಕೇಂದ್ರಗಳನ್ನು ಸಂಸ್ಥೆಗಳ ಮೂಲಕ ಜಿಲ್ಲಾ ಮಟ್ಟದಲ್ಲಿ ನಡೆಸುವ ಯೋಜನೆಯೂ ರಾಜ್ಯದಲ್ಲಿದೆ. 2024–25ರ ರಾಜ್ಯ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನ ಘೋಷಿಸಲಾಯಿತು. ಮೊತ್ತ ಸಣ್ಣದು. ಆದರೂ ಮನೆಯೊಳಗಿನ ಆರೈಕೆಯೂ ದುಡಿಮೆಯೇ ಎಂದು ಬಜೆಟ್ಟು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

ತೊಡಕು ಎಲ್ಲಿದೆ?

ಒಂದು, ವಯಸ್ಸಿನ ಕಂದಕ. 18 ತುಂಬಿದೊಡನೆ ಶಿಕ್ಷಣ ಇಲಾಖೆಯ ಹೊಣೆ ಮುಗಿಯುತ್ತದೆ. ಅಷ್ಟರಲ್ಲಿ ಮಗ ಎತ್ತರಕ್ಕೆ ಬೆಳೆದಿರುತ್ತಾನೆ, ತಾಯಿಗೆ ಅವನನ್ನು ಎತ್ತುವ ಶಕ್ತಿ ಕುಗ್ಗಿರುತ್ತದೆ. ಬೆಂಬಲ ಹೆಚ್ಚಬೇಕಾದ ವರ್ಷದಲ್ಲೇ ಅದು ನಿಂತುಹೋಗುತ್ತದೆ.

ಎರಡು, ದೂರ. ಜಿಲ್ಲಾ ಕೇಂದ್ರದಲ್ಲಿ ಎಷ್ಟೇ ಒಳ್ಳೆಯ ಕೇಂದ್ರವಿದ್ದರೂ ಬ್ಯಾಡಗಿ ತಾಲ್ಲೂಕಿನ ಒಳಹಳ್ಳಿಯ ತಾಯಿ ದಿನವೂ ಮಗನನ್ನು ಹೊತ್ತು ಎರಡು ಬಸ್ಸು ಬದಲಿಸಿ ಬರಲಾರಳು. 2023ರ ಜೂನ್ 11ರಿಂದ ಜಾರಿಗೆ ಬಂದ 'ಶಕ್ತಿ' ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೆಟಿನ ಖರ್ಚು ತಪ್ಪಿತು. ಬಸ್ಸಿನ ಎತ್ತರದ ಮೆಟ್ಟಿಲು, ನೂಕುನುಗ್ಗಲು ತಪ್ಪಲಿಲ್ಲ.

ಮೂರು, ಸಮಯ. ಹತ್ತರಿಂದ ನಾಲ್ಕರವರೆಗಿನ ಕೇಂದ್ರ ಕಚೇರಿಯ ಲೆಕ್ಕಕ್ಕೆ ಸರಿ. ತೊಟ್ಟು ಬಿಡಿಸಲು ಬೆಳಿಗ್ಗೆ ಬೇಗ ಹೋಗುವವಳಿಗೆ, ಮಧ್ಯಾಹ್ನದ ನಂತರ ಬೀಜದ ಪ್ಲಾಟಿಗೆ ಹೋಗುವವಳಿಗೆ ಅದು ಬಾಗಿಲು ಮುಚ್ಚಿದಂತೆಯೇ.

ನಾಲ್ಕು, ಇಲಾಖೆಗಳ ಹಂಚಿಕೆ. ಮಕ್ಕಳಿಗೆ ಒಂದು, ಹಿರಿಯರಿಗೆ ಒಂದು, ಮಾನಸಿಕ ಕಾಯಿಲೆಗೆ ಇನ್ನೊಂದು. ಮನೆಯಲ್ಲಿ ಇವರೆಲ್ಲ ಒಂದೇ ಸೂರಿನಡಿ, ಒಬ್ಬಳದೇ ಆರೈಕೆಯಲ್ಲಿ ಇರಬಹುದು.

ಹತ್ತಿರದ ಅನುಭವಗಳು

ನಮ್ಮ ದಕ್ಷಿಣ ಕನ್ನಡದಲ್ಲೇ ಎಂಡೋಸಲ್ಫಾನ್ ಬಾಧಿತರಿಗಾಗಿ ಕೊಕ್ಕಡ ಮತ್ತು ಕೊಯಿಲದಲ್ಲಿ ಹಗಲು ಆರೈಕೆ ಕೇಂದ್ರಗಳು ನಡೆದಿವೆ. ಗೇರು ತೋಟಗಳ ಮೇಲೆ ಸಿಂಪಡಿಸಿದ ಆ ಕೀಟನಾಶಕದ ಬಳಕೆಯನ್ನು ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ತಡೆಯಿತು. ಅಲ್ಲಿನ ಅನುಭವದಿಂದ ಎರಡು ಪಾಠ ಕಲಿಯಬಹುದು. ಮನೆಬಾಗಿಲಿಗೆ ವಾಹನ ಬಂದರಷ್ಟೇ ಕೇಂದ್ರ ತುಂಬುತ್ತದೆ. ಪೂರ್ತಿ ಹಾಸಿಗೆ ಹಿಡಿದವರಿಗೆ ವಾಹನವೂ ಸಾಲದು, ಅವರಿದ್ದಲ್ಲಿಗೇ ಸೇವೆ ಹೋಗಬೇಕು. ಹೆತ್ತವರು ಶಾಶ್ವತ ಪುನರ್ವಸತಿ ಕೇಂದ್ರಕ್ಕಾಗಿ ಮತ್ತೆ ಮತ್ತೆ ಬೇಡಿಕೆ ಇಟ್ಟದ್ದೂ 'ನಮ್ಮ ನಂತರ ಯಾರು?' ಎಂಬ ಭಯದಿಂದಲೇ.

ಪಕ್ಕದ ಕಾಸರಗೋಡಿನಲ್ಲಿ ಇದೇ ದುರಂತದ ಬೆನ್ನಿಗೆ ಪಂಚಾಯತಿಗಳು 'ಬಡ್ಸ್' ಶಾಲೆಗಳನ್ನು ನಡೆಸುತ್ತಿವೆ. ಕೇರಳದಲ್ಲಿ ಮೊದಲ ಬಡ್ಸ್ ಶಾಲೆ 2004ರಲ್ಲಿ ಆರಂಭವಾಯಿತು. ಪಂಚಾಯತಿಯ ಹಣ ಮತ್ತು ಕುಟುಂಬಶ್ರೀ ಮಹಿಳಾ ಗುಂಪುಗಳ ಬೆಂಬಲ ಸೇರಿದ್ದರಿಂದ ಇದು ಒಬ್ಬ ದಾನಿಯ ಕೃಪೆಯ ಮೇಲೆ ನಿಂತಿಲ್ಲ. ಅದೇ ರಾಜ್ಯದಲ್ಲಿ ನೆರೆಹೊರೆಯ ಸ್ವಯಂಸೇವಕರು ವಾರಕ್ಕೆ ಕೆಲವು ಗಂಟೆ ಕೊಟ್ಟು ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವ ಪ್ಯಾಲಿಯೇಟಿವ್ ಜಾಲ ಬೆಳೆಯಿತು. 2008ರಲ್ಲಿ ಸರ್ಕಾರ ಅದಕ್ಕೊಂದು ನೀತಿಯನ್ನೇ ರೂಪಿಸಿತು.

ರಾಣೇಬೆನ್ನೂರಿಗೆ ಇನ್ನೂ ಹತ್ತಿರದ ಉದಾಹರಣೆ ತುಂಗಭದ್ರೆಯ ಆಚೆ ಇದೆ. ದಾವಣಗೆರೆ ಜಿಲ್ಲೆಯಲ್ಲಿ 2016ರಿಂದ ಲಿವ್ ಲವ್ ಲಾಫ್ ಫೌಂಡೇಶನ್ ಮತ್ತು 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎ.ಪಿ.ಡಿ. ಸಂಸ್ಥೆ ಸೇರಿ ಗ್ರಾಮೀಣ ಮಾನಸಿಕ ಆರೋಗ್ಯದ ಕೆಲಸ ಕೈಗೊಂಡವು. ಔಷಧದ ಜೊತೆಗೆ ಆರೈಕೆದಾರರ ಗುಂಪುಗಳನ್ನು ಕಟ್ಟಿದ್ದು ಅದರ ವಿಶೇಷ. ಹರಿಹರದ ಆರೋಗ್ಯ ಮಾತೆಯ ಪುಣ್ಯಕ್ಷೇತ್ರಕ್ಕೆ ಹಾವೇರಿ ಕಡೆಯ ಜನ ಹೊಳೆ ದಾಟಿ ಹೋಗುತ್ತಾರೆ. ಈ ಅನುಭವವೂ ಹೊಳೆಯ ಈಚೆಗೆ ಬರಲಿ.

ಹೊಸ ವಿನ್ಯಾಸ ಹೇಗಿರಬೇಕು?

ಮೇಲಿನ ತೊಡಕುಗಳನ್ನು ಗಮನಿಸಿದರೆ ದೊಡ್ಡ ಕಟ್ಟಡವೊಂದಕ್ಕಿಂತ ಸಣ್ಣ ಸಣ್ಣ ಕೊಂಡಿಗಳ ಸರಪಣಿ ಹೆಚ್ಚು ಉಪಯುಕ್ತ ಎಂಬುದು ನಮ್ಮ ಅಭಿಪ್ರಾಯ.

1. ಮೊದಲು ಮನೆಭೇಟಿ, ಆಮೇಲೆ ಕೇಂದ್ರ. ಮೂರು ತಿಂಗಳು ಮನೆಮನೆಗೆ ಹೋಗಿ ಎರಡು ಪಟ್ಟಿ ಮಾಡಬೇಕು: ಆರೈಕೆ ಬೇಕಾದವರದು ಒಂದು, ಆರೈಕೆ ಮಾಡುವವರದು ಇನ್ನೊಂದು. ಎರಡನೆಯ ಪಟ್ಟಿಯಲ್ಲಿ ಕೇಳಬೇಕಾದ್ದು ನಾಲ್ಕೇ ಪ್ರಶ್ನೆ. ನಿಮಗೆ ಯಾವ ಹೊತ್ತಿನಲ್ಲಿ ಬಿಡುವು ಬೇಕು? ಯಾವ ತಿಂಗಳಲ್ಲಿ ಹೆಚ್ಚು ಬೇಕು? ನೀವಿಲ್ಲದಾಗ ಯಾರು ನೋಡಿಕೊಳ್ಳುತ್ತಾರೆ? ನೀವು ಕೊನೆಯ ಸಲ ಡಾಕ್ಟರಿಗೆ ತೋರಿಸಿಕೊಂಡದ್ದು ಯಾವಾಗ?

2. ದುಡಿಮೆಗೆ ತಕ್ಕ ಸಮಯ. ಬ್ಯಾಡಗಿಯಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ಮಾರುಕಟ್ಟೆಯ ದಿನಗಳಂದು ಬೆಳಿಗ್ಗೆ ಬೇಗ ತೆರೆದು ಕತ್ತಲಾಗುವವರೆಗೆ ಕೇಂದ್ರ ನಡೆಯಬೇಕು. ರಾಣೇಬೆನ್ನೂರು ಸುತ್ತ ಬೀಜದ ಹಂಗಾಮಿನಲ್ಲಿ ಎರಡು ಪಾಳಿ ಬೇಕಾಗಬಹುದು. ಹಾವೇರಿಯಲ್ಲಿ 'ಬಿಟ್ಟು ಹೋಗಿ' ಎಂಬ ಗಂಟೆ ಲೆಕ್ಕದ ಸೇವೆ ಜಿಲ್ಲಾ ಆಸ್ಪತ್ರೆ ಮತ್ತು ಕಚೇರಿಗಳಿಗೆ ಬಂದವರಿಗೆ ನೆರವಾಗುತ್ತದೆ.

3. ಜಾಗದ ಆಯ್ಕೆ. ಹೊಸ ಕಟ್ಟಡ ಬೇಕಿಲ್ಲ. ಖಾಲಿ ಶಾಲಾ ಕೊಠಡಿ, ಸಮುದಾಯ ಭವನ, ಕಾನ್ವೆಂಟಿನ ಹೊರಕೋಣೆ ಸಾಕು. ನೆಲಮಟ್ಟದಲ್ಲಿರಬೇಕು, ಇಳಿಜಾರು ದಾರಿ ಇರಬೇಕು, ಗಾಲಿಕುರ್ಚಿ ಒಳಹೋಗುವಷ್ಟು ಅಗಲದ ಶೌಚಾಲಯ ಇರಬೇಕು. ಬ್ಯಾಡಗಿಯಲ್ಲಿ ಮಾರುಕಟ್ಟೆ ಪ್ರಾಂಗಣದ ಪಕ್ಕ ಬೇಡ. ಮೆಣಸಿನಕಾಯಿಯ ಘಾಟು ಉಬ್ಬಸದವರಿಗೂ, ಕೆಮ್ಮಿ ಕಫ ಹೊರಹಾಕಲಾಗದ ಮಕ್ಕಳಿಗೂ ಅಪಾಯ. 2023ರಲ್ಲಿ ಉದ್ಯೋಗ ಖಾತರಿ ಕೂಲಿಕಾರರ ಎಳೆಯ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಕಾರ್ಯಕ್ರಮ ರಾಜ್ಯದಲ್ಲಿ ಶುರುವಾಯಿತು. ಊರಿನ ಕಟ್ಟಡ, ಊರಿನ ಹೆಣ್ಣುಮಕ್ಕಳಿಗೆ ತರಬೇತಿ ಎಂಬ ಆ ಸೂತ್ರವನ್ನು ದೊಡ್ಡವರ ಆರೈಕೆಗೂ ಅನ್ವಯಿಸಬಹುದು.

4. ವಾಹನ. ಖರ್ಚಿನ ಪಟ್ಟಿಯಲ್ಲಿ ಇದನ್ನು ಕೊನೆಗೆ ಬರೆಯುವುದು ಸಾಮಾನ್ಯ ತಪ್ಪು. ಮೊದಲಿಗೇ ಬರೆಯಬೇಕು. ಒಬ್ಬ ನಂಬಿಕಸ್ಥ ಆಟೋ ಚಾಲಕನಿಗೆ ತಿಂಗಳ ಲೆಕ್ಕದಲ್ಲಿ ದುಡ್ಡು ಕೊಟ್ಟು, ಜೊತೆಗೆ ಒಬ್ಬ ಆಯಾ ಇರುವಂತೆ ಮಾಡಿದರೆ ಆರಂಭಕ್ಕೆ ಸಾಕು.

5. ಮನೆಯಲ್ಲೇ ಬಿಡುವು. ಹಾಸಿಗೆ ಹಿಡಿದವರ ಮನೆಗೆ ತರಬೇತಾದ ಒಬ್ಬರು ವಾರಕ್ಕೆ ಎರಡು ಸಲ ಮೂರು ಗಂಟೆ ಹೋಗಿ ಕೂರುವುದು. ಮನೆಯಾಕೆ ಆ ಹೊತ್ತಿನಲ್ಲಿ ಸಂತೆಗೆ ಹೋಗಲಿ, ಗುಡಿಗೆ ಹೋಗಲಿ, ಮಲಗಲಿ. ಲೆಕ್ಕ ಕೇಳುವುದು ಬೇಡ.

6. ಆತಿಥೇಯ ಮನೆಗಳು. ರಾತ್ರಿ ತಂಗಬೇಕಾದ ಸಂದರ್ಭಕ್ಕೆ ಪ್ರತಿ ಊರಿನಲ್ಲಿ ಎರಡು ಮೂರು ಮನೆಗಳನ್ನು ಮೊದಲೇ ಗೊತ್ತುಮಾಡಿರಬೇಕು. ಆ ಮನೆಯವರು ಹಗಲು ಕೇಂದ್ರದಲ್ಲಿ ಆ ವ್ಯಕ್ತಿಯ ಜೊತೆ ಕೆಲವು ದಿನ ಕಳೆದ ಮೇಲೆಯೇ ರಾತ್ರಿಯ ಹೊಣೆ. ಪರಿಚಯವಿಲ್ಲದ ಜಾಗದಲ್ಲಿ ಕತ್ತಲಾದರೆ ಹೆದರದವರು ಯಾರು?

7. ಆರೈಕೆದಾರರ ಗುಂಪು. ತಿಂಗಳಿಗೊಮ್ಮೆ ಸೇರುವ ಹತ್ತು ಹದಿನೈದು ಜನರ ಕೂಟ. ಸ್ವಸಹಾಯ ಸಂಘದ ರೂಢಿ ಈ ಸೀಮೆಯ ಹೆಣ್ಣುಮಕ್ಕಳಿಗೆ ಚೆನ್ನಾಗಿಯೇ ಇದೆ. ಅದೇ ಚೌಕಟ್ಟಿನಲ್ಲಿ ಸಣ್ಣ ಉಳಿತಾಯ, ಮನೆಯಲ್ಲೇ ಮಾಡಬಹುದಾದ ರೊಟ್ಟಿ, ಖಾರದಪುಡಿ ತಯಾರಿಕೆ, ಆರೋಗ್ಯ ತಪಾಸಣೆ ಸೇರಿಸಬಹುದು.

8. ಹಣ. ಸ್ಥಳೀಯ ಸಂಸ್ಥೆಗಳು ವಿಕಲಚೇತನರ ಏಳಿಗೆಗೆ ಶೇ. 5ರಷ್ಟು ಹಣ ಮೀಸಲಿಡಬೇಕು. ಇದು ಹಲವು ಕಡೆ ವರ್ಷದ ಕೊನೆಗೆ ಬಿಡಿ ಬಿಡಿ ಸಹಾಯವಾಗಿ ಹಂಚಿಹೋಗುತ್ತದೆ. ನಾಲ್ಕೈದು ಪಂಚಾಯತಿಗಳು ಒಂದಾಗಿ ವಾಹನದ ಖರ್ಚು ಹೊತ್ತರೆ ಅದೇ ಹಣ ವರ್ಷವಿಡೀ ದುಡಿಯುತ್ತದೆ. ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಲಿಖಿತವಾಗಿ ಇಟ್ಟು ನಡಾವಳಿಯಲ್ಲಿ ಬರೆಸಬೇಕು.

ಕಾರ್ಯಕರ್ತರು ಕಲಿತಿರಬೇಕಾದ ಕನಿಷ್ಠ ಪಾಠಗಳು

ಒಳ್ಳೆಯ ಮನಸ್ಸೊಂದೇ ಸಾಲದು. ಕೇಂದ್ರ ತೆರೆಯುವ ಮೊದಲು ಈ ಕೆಳಗಿನವು ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಫಿಟ್ಸ್ ಬಂದಾಗ ವ್ಯಕ್ತಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಕೈಗೆ ಕೀಲಿಕೈ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು, ಬಾಯಿಗೆ ಚಮಚ ತುರುಕುವುದು ಕೂಡದು. ಐದು ನಿಮಿಷಕ್ಕೂ ಹೆಚ್ಚು ಹೊತ್ತು ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು.

ನುಂಗಲು ಕಷ್ಟಪಡುವವರಿಗೆ ಮಲಗಿಸಿ ಉಣಿಸಬಾರದು. ನೆಟ್ಟಗೆ ಕೂರಿಸಿ, ಮೆತ್ತಗಿನ ಅನ್ನ ಸಾರನ್ನು ಸಣ್ಣ ತುತ್ತುಗಳಲ್ಲಿ ಕೊಡಬೇಕು. ಉಂಡ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಹಾಸಿಗೆಯಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಣ್ಣಾಗುತ್ತದೆ.

ಮೈತೊಳೆಸುವುದು, ಬಟ್ಟೆ ಬದಲಿಸುವುದು ಮರ್ಯಾದೆಯ ವಿಷಯ. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಮಾಡಬೇಕು. ಯಾರೇ ಆಗಲಿ, ಗುರುಗಳೇ ಆಗಲಿ, ಬಾಗಿಲು ಹಾಕಿಕೊಂಡು ಒಬ್ಬರೇ ಇರಬಾರದು. ಮಾತು ಬಾರದವರ ಮೇಲಿನ ದೌರ್ಜನ್ಯ ಹೊರಗೆ ಬರುವುದೇ ಇಲ್ಲ. ಆದ್ದರಿಂದ ನಿಯಮ ಎಲ್ಲರಿಗೂ ಒಂದೇ ಇರಬೇಕು, ದೂರು ಕೇಳಲು ಸಂಸ್ಥೆಯ ಹೊರಗಿನ ಒಬ್ಬರು ಇರಬೇಕು.

ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. 'ಹುಚ್ಚ', 'ಕುಂಟಿ', 'ಮೂಗ' ಎಂಬ ಮಾತುಗಳು ಕೇಂದ್ರದ ಅಂಗಳದಲ್ಲಿ ಕೇಳಬಾರದು. ಆ ಕಡೆ ಕಲಿಸುವವರನ್ನು 'ಅಕ್ಕೋರು' ಎಂದು ಗೌರವದಿಂದ ಕರೆಯುತ್ತಾರೆ. ಅಕ್ಕೋರು ಕೂಡ ನಲವತ್ತರ ಗಂಡಸನ್ನು 'ಪಾಪು' ಎನ್ನದೆ ಅವನ ಹೆಸರು ಹಿಡಿದು ಕರೆಯಲಿ.

'ನನ್ನ ನಂತರ ಯಾರು?'

ಈ ಪ್ರಶ್ನೆಯನ್ನು ಮುಂದೂಡದೆ ಎದುರಿಸಬೇಕು. ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳನ್ನು ಒಳಗೊಂಡ ಸ್ಥಳೀಯ ಮಟ್ಟದ ಸಮಿತಿ ಪ್ರತಿ ಜಿಲ್ಲೆಯಲ್ಲೂ ಇರಬೇಕು. ಆ ಕಾಯ್ದೆಯ ವ್ಯಾಪ್ತಿಗೆ ಬರುವ ವ್ಯಕ್ತಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನು ನೇಮಿಸುವಂತೆ ಹೆತ್ತವರು ಈ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಆಸ್ತಿ ಹಂಚುವಾಗ ಈ ಮಗನ ಪಾಲನ್ನು ಅಣ್ಣತಮ್ಮಂದಿರ ಬಾಯಿಮಾತಿಗೆ ಬಿಡದೆ ದಾಖಲೆಯಲ್ಲಿ ಬರೆಸಬೇಕು. ಹಗಲು ಕೇಂದ್ರ ಮತ್ತು ಆತಿಥೇಯ ಮನೆಗಳು ಇಲ್ಲಿಯೂ ನೆರವಾಗುತ್ತವೆ. ತಾಯಿಯ ಹೊರತು ಬೇರೊಬ್ಬರ ಕೈಯಲ್ಲಿ ಉಣ್ಣಲು, ಬೇರೆ ಕಡೆ ಮಲಗಲು ಕಲಿತವನಿಗೆ ಆ ದಿನ ಬಂದಾಗ ಲೋಕ ಪೂರ್ತಿ ಕತ್ತಲಾಗುವುದಿಲ್ಲ.

ಧರ್ಮಕೇಂದ್ರಗಳು ಏನು ಮಾಡಬಹುದು?

ಹಾವೇರಿ ಜಿಲ್ಲೆಯಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು. ಅಲ್ಲಿ ಮಾಡುವ ಸೇವೆ ಎಲ್ಲರದು, ಎಲ್ಲರೊಡನೆ ಸೇರಿ ಮಾಡಬೇಕಾದದ್ದು. ಮಠಗಳು, ಮಸೀದಿ ಸಮಿತಿಗಳು, ಸ್ತ್ರೀಶಕ್ತಿ ಸಂಘಗಳು, ವರ್ತಕರ ಸಂಘಗಳು ಇದರಲ್ಲಿ ಪಾಲುದಾರರಾಗಲಿ. ಕರಾವಳಿಯ ಧರ್ಮಕೇಂದ್ರಗಳು ಅನುಭವವನ್ನು, ತರಬೇತಾದ ಕೈಗಳನ್ನು ಹಂಚಿಕೊಳ್ಳಬಹುದು. ಮಂಗಳೂರಿನ ಸಂತ ಆಗ್ನೆಸ್ ವಿಶೇಷ ಶಾಲೆ, ಪಾಂಬೂರಿನ ಮಾನಸ ಕೇಂದ್ರದಂಥ ಕಡೆಗಳಲ್ಲಿ ವರ್ಷಗಳಿಂದ ಸಂಗ್ರಹವಾದ ಜ್ಞಾನವಿದೆ. ಅಲ್ಲಿಗೆ ನಾಲ್ಕು ಜನರನ್ನು ಕಳಿಸಿ ಕೆಲವು ವಾರ ಕಲಿಸಿದರೆ ಒಂದು ತಾಲ್ಲೂಕಿಗೆ ಆರಂಭ ಸಿಕ್ಕಂತೆ.

ನಮ್ಮ ನಮ್ಮ ವಾಳೆಯಲ್ಲಿ ಮಾಡಬಹುದಾದದ್ದೂ ಇದೆ. ರೋಗಿಗಳ ಪಟ್ಟಿಯ ಪಕ್ಕದಲ್ಲಿ ಆರೈಕೆ ಮಾಡುವವರ ಹೆಸರನ್ನೂ ಬರೆಯೋಣ. ಕಿರು ಕ್ರೈಸ್ತ ಸಮುದಾಯದ ಇಬ್ಬರು ಭಾನುವಾರ ಬೆಳಿಗ್ಗೆ ಒಂದೂವರೆ ಗಂಟೆ ಆ ಮನೆಯಲ್ಲಿ ಕೂತರೆ ಆಕೆ ಪೂಜೆಗೆ ಬರಬಲ್ಲಳು. ಫೆಬ್ರವರಿ 11ರ ವಿಶ್ವ ರೋಗಿಗಳ ದಿನದಂದು ರೋಗಿಗಳನ್ನು ಆಶೀರ್ವದಿಸುವಾಗ, ಅವರ ಕುರ್ಚಿ ತಳ್ಳಿಕೊಂಡು ಬಂದವರನ್ನೂ ಮುಂದಕ್ಕೆ ಕರೆಯೋಣ.

ನೆನಪಿನಲ್ಲಿಡಬೇಕಾದ ಸಂಖ್ಯೆಗಳು: ಮಾನಸಿಕ ಆರೋಗ್ಯದ ನೆರವಿಗೆ ಟೆಲಿ ಮಾನಸ್ 14416. ಹಿರಿಯ ನಾಗರಿಕರ ಸಹಾಯವಾಣಿ 14567. ಎರಡಕ್ಕೂ ಶುಲ್ಕವಿಲ್ಲ. ಆರೈಕೆ ಮಾಡುವವರು ತಮ್ಮದೇ ದಣಿವಿನ ಬಗ್ಗೆ ಮಾತಾಡಲೂ ಟೆಲಿ ಮಾನಸ್‌ಗೆ ಕರೆ ಮಾಡಬಹುದು.

ಬರುವ ಮೊದಲ ಶುಕ್ರವಾರ ಬಾಗಿಲು ತೆರೆದವರನ್ನು ನಾವು ಇನ್ನೊಂದು ಪ್ರಶ್ನೆ ಕೇಳೋಣ: "ನಿಮಗೆ ಯಾವ ದಿನ ಬಿಡುವು ಬೇಕು?" ಉತ್ತರವನ್ನು ಬರೆದುಕೊಂಡು ಬರೋಣ. ಕೆಲಸ ಅಲ್ಲಿಂದ ಶುರುವಾಗುತ್ತದೆ.